ಪ್ರತಿಶೋಧನೆ ಮತ್ತು ಗಣಕದ ಟ್ಯಾಬುಗಳು

ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಕೈಗೊಂಡು 1966ರಲ್ಲಿ ಪೂರೈಸಿದ ಮಹಾಭಾರತ ಪರಿಷ್ಕರಣದಲ್ಲಿ ಶಾರದಾ, ಬಂಗಾಳಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳ ಪ್ರತಿಗಳನ್ನು ತಾಳೆ ನೋಡಲಾಯಿತು. ಪಾಠಾಂತರಗಳೆಲ್ಲ ಒಂದೇ ಹಾಳೆಯಲ್ಲಿ ಒಟ್ಟಿಗೆ ಕಾಣುವಂತೆ ಬರೆದಿರಿಸುವುದೇ ಆ ವಿಧಾನದ ತಿರುಳು.

ಪ್ರತಿಗಳ ಛಾಯಾಚಿತ್ರಗಳನ್ನು ಗಣಕದಲ್ಲಿಟ್ಟುಕೊಂಡು ಶೋಧಿಸುವವರಿಗೆ ಕಡತ ನಿರ್ವಾಹಕದ ಟ್ಯಾಬುಗಳು ಇಂಥದೇ ಅನುಕೂಲವನ್ನು ಒದಗಿಸುತ್ತವೆ. ಒಂದೊಂದು ಟ್ಯಾಬಿನಲ್ಲಿ ಒಂದೊಂದು ಪ್ರತಿಯ ಫೋಲ್ಡರನ್ನು ತೆರೆದರೆ, ಒಂದೇ ಕಿಟಕಿಯಲ್ಲಿ ಪ್ರತಿಯಿಂದ ಪ್ರತಿಗೆ ಸಾಗಬಹುದು. ವಿಂಡೋಸ್ 11ಕ್ಕೆ ಈ ಸೌಲಭ್ಯ 2022ರಲ್ಲಿ ಬಂದಿತು. ಡೈರೆಕ್ಟರಿ ಓಪಸ್‌ನಂತಹ ತಂತ್ರಾಂಶದಲ್ಲಿ ಟ್ಯಾಬುಗಳ ಗುಂಪಿಗೆ ಹೆಸರಿಟ್ಟು ಉಳಿಸಿ, ಮರುದಿನ ಅದೇ ಕ್ರಮದಲ್ಲಿ ತೆರೆಯಬಹುದು.

ಆದರೆ ಹೀಗೆ ಉಳಿಯುವುದು ಫೋಲ್ಡರಿನ ವಿಳಾಸವೇ ಹೊರತು ಅದರೊಳಗಿನ ಕಡತಗಳಲ್ಲ. ಫೋಲ್ಡರಿನ ಹೆಸರು ಬದಲಾದರೆ ಟ್ಯಾಬು ದಾರಿ ತಪ್ಪುತ್ತದೆ. ಆದುದರಿಂದ ಪ್ರತಿಸಂಕೇತಗಳನ್ನು ಮೊದಲೇ ನಿಶ್ಚಯಿಸಿ, ಫೋಲ್ಡರುಗಳಿಗೆ ಅವನ್ನೇ ಹೆಸರಾಗಿಟ್ಟು, ಕೆಲಸ ಮುಗಿಯುವವರೆಗೆ ಬದಲಿಸದಿರುವುದು ಸಂಪಾದಕನ ಶಿಸ್ತು.