ಕೆಮ್ಮಿದರೆ, ಸೀನಿದರೆ ಸಂಕಟ

ಅರವತ್ತು ದಾಟಿದ ಯಜಮಾನರು ಮದುವೆಮನೆಗೆ ಬರಲೊಲ್ಲೆನೆಂದರೆ ಮೊಣಕಾಲು ನೋವಿರಬೇಕೆಂದು ಬಂಧುಗಳು ಊಹಿಸುತ್ತಾರೆ. ಅವರೂ ಅದನ್ನೇ ಹೇಳಿ ಪಾರಾಗುತ್ತಾರೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದ ಹಲವರ ನಿಜವಾದ ಕಾರಣ ಬೇರೆಯೇ ಇರುತ್ತದೆ. ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ, ಬಕೆಟ್ಟು ಎತ್ತಿದರೆ ಮೂತ್ರ ಹನಿಯುತ್ತದೆ. ಪ್ರಾಣಕ್ಕೆ ಬಂದ ಗಂಡಾಂತರವನ್ನು ಧೈರ್ಯದಿಂದ ಎದುರಿಸಿದವರೂ ಈ ನಾಲ್ಕು ಹನಿಗಳ ಮುಂದೆ ಕುಗ್ಗಿಹೋಗುವುದುಂಟು. ಮಡದಿಯೊಡನೆ ಸಹ ಬಾಯಿಬಿಡದೆ, ಪಂಚೆಯನ್ನು ತಾವೇ ಒಗೆದು ಒಣಹಾಕುವವರಿದ್ದಾರೆ.

ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು. ಮೂತ್ರವನ್ನು ತಡೆಹಿಡಿಯಲು ಪ್ರಕೃತಿಯು ಎರಡು ಬಾಗಿಲುಗಳನ್ನು ಇರಿಸಿದೆ. ಮೇಲಿನದು ಮೂತ್ರಕೋಶದ ಕತ್ತಿನಲ್ಲಿರುವ ಸ್ನಾಯುವಿನ ಉಂಗುರ. ಅದು ಯಾರ ಅಪ್ಪಣೆಗೂ ಕಾಯದೆ ತಾನಾಗಿ ಕೆಲಸಮಾಡುತ್ತದೆ. ಕೆಳಗಿನದು ಗ್ರಂಥಿಯ ತುದಿಯನ್ನು ದಾಟಿದ ಮೇಲೆ ಸಿಗುವಂಥದು. ಅದು ಇಚ್ಛೆಗೆ ಅಧೀನ. ಗ್ರಂಥಿಯನ್ನು ಇಡಿಯಾಗಿ ತೆಗೆದಾಗ ಮೇಲಿನ ಬಾಗಿಲಿನ ಬಲ ಬಹುಮಟ್ಟಿಗೆ ಹೋಗಿಬಿಡುತ್ತದೆ. ವೈದ್ಯರು ಮೂತ್ರಕೋಶವನ್ನು ಕೆಳಕ್ಕೆ ತಂದು ಉಳಿದ ನಾಳಕ್ಕೆ ಹೊಲಿಯುತ್ತಾರೆ. ಅಲ್ಲಿಂದ ಮುಂದೆ ಕಾವಲೆಲ್ಲ ಕೆಳಗಿನ ಬಾಗಿಲಿನದೇ, ಅದೂ ಶಸ್ತ್ರಕ್ರಿಯೆಯ ಪೆಟ್ಟಿನಿಂದ ಬಳಲಿರುವಾಗ! ಮಲಗಿರುವಾಗ ಒಣಗಿದ್ದ ಬಟ್ಟೆ ಸಂಜೆಯ ಹೊತ್ತಿಗೆ ಒದ್ದೆಯಾಗುವುದೂ ಇದಕ್ಕಾಗಿಯೇ; ದಿನವಿಡೀ ದುಡಿದ ಸ್ನಾಯು ದಣಿದಿರುತ್ತದೆ.

ಈ ಶಸ್ತ್ರಚಿಕಿತ್ಸೆ ಇಂದು ನಿನ್ನೆಯದಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ೧೯೦೪ರಲ್ಲಿ ಕ್ಯಾನ್ಸರಿಗಾಗಿ ಈ ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆದರು. ಅದೇ ಆಸ್ಪತ್ರೆಯ ಪ್ಯಾಟ್ರಿಕ್ ವಾಲ್ಶ್ ೧೯೮೨ರಲ್ಲಿ, ಪಕ್ಕದ ನರಗಳಿಗೆ ಧಕ್ಕೆಯಾಗದಂತೆ ಶಸ್ತ್ರ ಆಡಿಸುವ ಕ್ರಮವನ್ನು ತೋರಿಸಿಕೊಟ್ಟರು. ಈಗ ಯಂತ್ರದ ಕೈಗಳ ನೆರವೂ ಬಂದಿದೆ. ಆದರೂ ಸೋರಿಕೆಯ ಕಾಟ ಪೂರ್ತಿ ತಪ್ಪಿಲ್ಲ.

ಗಂಡಸರ ಈ ಕಷ್ಟಕ್ಕೆ ದಾರಿ ತೋರಿದ್ದು ಬಾಣಂತಿಯರ ಕಷ್ಟವೆಂಬುದು ಸ್ವಾರಸ್ಯದ ಸಂಗತಿ. ಹೆರಿಗೆಯ ನಂತರ ಮೂತ್ರ ತಡೆಯಲಾರದ ಹೆಂಗಸರಿಗೆಂದು ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು ೧೯೪೮ರಲ್ಲಿ ಒಂದು ವ್ಯಾಯಾಮವನ್ನು ಪ್ರಕಟಿಸಿದರು. ಇಂದು ಅದು ಗಂಡಸರಿಗೂ ಮೊದಲ ಮದ್ದು. ನಾಲ್ಕು ಜನರ ನಡುವೆ ಕುಳಿತಿರುವಾಗ ವಾಯುವನ್ನು ತಡೆಹಿಡಿಯಲು ಬಿಗಿಹಿಡಿಯುವ ಸ್ನಾಯುವಿದೆಯಲ್ಲ, ಅದನ್ನೇ ಮೇಲಕ್ಕೆ ಸೆಳೆದು ಐದಾರು ಸೆಕೆಂಡು ಹಿಡಿಯಬೇಕು; ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಮೂತ್ರ ಮಾಡುತ್ತಿರುವಾಗಲೇ ಇದನ್ನು ಅಭ್ಯಾಸ ಮಾಡುವುದೂ ತರವಲ್ಲ. ಕೆಮ್ಮು ಬರುವ ಮುನ್ನ, ಏಳುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನು ರೂಢಿಸಿಕೊಂಡರೆ ಬಹಳ ಅನುಕೂಲ. ಶಸ್ತ್ರಚಿಕಿತ್ಸೆಗೆ ಮೊದಲೇ ಕಲಿತಿದ್ದರೆ ಇನ್ನೂ ಲೇಸು. ಆದರೆ ಕೆಥೀಟರ್ ನಳಿಗೆ ಇರುವಷ್ಟು ದಿನ ಈ ಅಭ್ಯಾಸ ಬೇಡ.

ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ನಳಿಗೆಯನ್ನು ತೆಗೆಯುತ್ತಾರೆ. ಧಾರಾಳವಾಗಿ ಸೋರುವುದು ಆಗಲೇ; ಎದೆಗುಂದುವುದೂ ಆಗಲೇ. ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳೊಳಗೆ ಹತೋಟಿ ಮರಳುತ್ತದೆ. ಕೆಲವರಿಗೆ ವರ್ಷ ಹಿಡಿಯುತ್ತದೆ. ಅದುವರೆಗೆ ಅಂಗಡಿಯಲ್ಲಿ ಸಿಗುವ ಹೀರುವ ಪ್ಯಾಡನ್ನು ಧರಿಸಿ ಹೊರಗೆ ಓಡಾಡುವುದೇ ಜಾಣತನ. ಅದನ್ನು ತಂದುಕೊಡುವುದನ್ನೂ, ಸ್ನಾನದ ಮನೆಯಲ್ಲಿ ಮುಚ್ಚಳವಿರುವ ಡಬ್ಬಿಯೊಂದನ್ನು ಇಡುವುದನ್ನೂ ಮನೆಯವರು ಮಾತಿಲ್ಲದೆ ಮಾಡಿದರೆ ರೋಗಿಯ ಅರ್ಧ ಭಾರ ಇಳಿದಂತೆ. ಸೋರುವುದೆಂದು ನೀರು ಕುಡಿಯುವುದನ್ನೇ ಬಿಡುವ ಹಿರಿಯರು ಉಂಟು. ಅದು ತಪ್ಪು, ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ. ಬಿಡಬೇಕಾದುದು ನೀರನ್ನಲ್ಲ, ಮೂರನೆಯ ಲೋಟ ಕಾಫಿಯನ್ನು. ಮೂತ್ರದ ಧಾರೆ ಸಣ್ಣಗಾದರೆ, ನಿಂತುಹೋದರೆ, ರಕ್ತ ಅಥವಾ ಜ್ವರ ಕಂಡರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ವರ್ಷ ಕಳೆದರೂ ಸೋರಿಕೆ ನಿಲ್ಲದವರಿಗೂ ಉಪಾಯವಿದೆ. ಸೋರಿಕೆ ಅಲ್ಪವಾಗಿದ್ದರೆ ನಾಳಕ್ಕೆ ಆಧಾರವಾಗಿ ಜಾಲರಿಯ ಪಟ್ಟಿಯೊಂದನ್ನು ಕೂಡಿಸುತ್ತಾರೆ. ಹೆಚ್ಚಾಗಿದ್ದರೆ ಕೃತಕ ಬಾಗಿಲು. ಅಮೆರಿಕದ ಬ್ರ್ಯಾಂಟ್ಲಿ ಸ್ಕಾಟ್ ೧೯೭೨ರಲ್ಲಿ ಇದನ್ನು ಮೊದಲು ಅಳವಡಿಸಿದರು. ೧೯೮೦ರ ದಶಕದಲ್ಲಿ ಸುಧಾರಿಸಿದ ಮಾದರಿ ಈಗಲೂ ಬಳಕೆಯಲ್ಲಿದೆ. ನಾಳದ ಸುತ್ತ ದ್ರವ ತುಂಬಿದ ಪಟ್ಟಿ, ಹೊಟ್ಟೆಯೊಳಗೆ ಬಲೂನು, ವೃಷಣದ ಚೀಲದಲ್ಲಿ ಪುಟ್ಟ ಪಂಪು. ಹೊರಗೆ ಏನೂ ಕಾಣದು. ಪಂಪನ್ನು ಬೆರಳಿನಿಂದ ಒತ್ತಿದರೆ ಪಟ್ಟಿಯ ದ್ರವ ಬಲೂನಿಗೆ ಸರಿದು ದಾರಿ ತೆರೆಯುತ್ತದೆ. ಕೆಲವೇ ನಿಮಿಷಗಳಲ್ಲಿ ತಾನಾಗಿ ಹಿಂದಿರುಗಿ ಮುಚ್ಚಿಕೊಳ್ಳುತ್ತದೆ. ಬೆರಳುಗಳಲ್ಲಿ ಶಕ್ತಿಯೂ ತಲೆಯಲ್ಲಿ ನೆನಪೂ ಇರುವವರಿಗೆ ಮಾತ್ರ ಇದು ಸಲ್ಲುತ್ತದೆ. ಯಂತ್ರವಾದ್ದರಿಂದ ವರ್ಷಗಳ ಮೇಲೆ ಸವೆದು ಬದಲಿಸಬೇಕಾಗಿ ಬರಬಹುದು. ಮುಂದೆ ಯಾವುದೇ ಕಾಯಿಲೆಗೆ ಯಾವುದೇ ಆಸ್ಪತ್ರೆ ಸೇರಿದರೂ, ನಳಿಗೆ ಹಾಕಲು ಬಂದವರಿಗೆ ಒಳಗೆ ಇಂಥದೊಂದು ಇದೆಯೆಂದು ಮೊದಲೇ ಹೇಳತಕ್ಕದ್ದು. ರೋಗಿಗೆ ಎಚ್ಚರವಿಲ್ಲದಿದ್ದರೆ ಮನೆಯವರು ಹೇಳಬೇಕು.