ಎರಡು ಎಕ್ಸ್ ಎಲ್ಲಿ ಹೋಯಿತು?

ಎಕ್ಸ್ ಸ್ಕ್ವೇರ್‌ನ ಸೈನ್ ಅನ್ನು ಡಿಫರೆನ್ಷಿಯೇಟ್ ಮಾಡಿ ಎಂದ ಕೂಡಲೇ ಅನೇಕರು ಬರೆದು ಮುಗಿಸುವುದು ಎಕ್ಸ್ ಸ್ಕ್ವೇರ್‌ನ ಕೊಸೈನ್. ಚೈನ್ ರೂಲ್ ಕ್ಲಾಸಿನಲ್ಲಿ ಕೇಳಿದ್ದಾಗಿದೆ, ವಿಡಿಯೊ ಎರಡು ಸಲ ನೋಡಿ ತಲೆಯಾಡಿಸಿದ್ದೂ ಆಗಿದೆ. ಆದರೂ ಪಕ್ಕದಲ್ಲಿ ಬರಬೇಕಾದ ಎರಡು ಎಕ್ಸ್ ಮಾಯ. ಬರೆದವರ ಕಣ್ಣಿಗೆ ಬೀಳದ ಈ ತಪ್ಪು ಪಕ್ಕದಲ್ಲಿ ಕೂತು ಇಣುಕಿದವರಿಗೆ ಥಟ್ಟನೆ ಕಾಣುತ್ತದೆ.

ಆ ಪಕ್ಕದವರ ಬೆಲೆಯನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪತ್ತೆ ಹಚ್ಚಿದವರು ಯೂರಿ ಟ್ರೀಸ್‌ಮನ್. ಆಗಿನ್ನೂ ಸಂಶೋಧನಾ ವಿದ್ಯಾರ್ಥಿ. ಅಲ್ಲಿನ ಕ್ಯಾಲ್ಕುಲಸ್ ತರಗತಿಯಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುತ್ತಿದ್ದರು, ಚೀನಿ ಮೂಲದವರು ದಾಟುತ್ತಿದ್ದರು. ಕಾರಣ ಕೇಳಿದರೆ ಅಧ್ಯಾಪಕರ ಬಳಿ ಸಿದ್ಧ ಉತ್ತರಗಳಿದ್ದವು: ಬಡತನ, ನಿರಾಸಕ್ತಿ, ಮನೆಯವರ ಬೆಂಬಲವಿಲ್ಲ, ತಳಪಾಯ ಸರಿಯಿಲ್ಲ. ಟ್ರೀಸ್‌ಮನ್ ಎರಡೂ ಗುಂಪುಗಳಿಂದ 20 ಮಂದಿಯಂತೆ ಆರಿಸಿ, ಅವರು ಓದುವ ಜಾಗಕ್ಕೇ ಹೋಗಿ ಕೂತರು. ಸಿದ್ಧ ಉತ್ತರಗಳು ಒಂದೊಂದಾಗಿ ಬಿದ್ದುಹೋದವು.

ಕಪ್ಪುವರ್ಣೀಯರು ಕಷ್ಟಪಟ್ಟೇ ಓದುತ್ತಿದ್ದರು, ವಾರಕ್ಕೆ ಸುಮಾರು ಎಂಟು ಗಂಟೆ. ಆದರೆ ಒಬ್ಬೊಬ್ಬರೇ. ಚೀನಿ ಮೂಲದವರು ತಮ್ಮಷ್ಟಕ್ಕೆ ಓದಿ, ಆಮೇಲೆ ಒಟ್ಟಿಗೆ ಸೇರಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಪರಸ್ಪರ ಕಾಡುತ್ತಿದ್ದರು. ಯಾರಿಗೂ ಬಾರದ ಲೆಕ್ಕ ನಿಜಕ್ಕೂ ಕಠಿಣದ್ದೇ ಎಂಬುದು ಅಲ್ಲೇ ತಿಳಿಯುತ್ತಿತ್ತು. ಒಂಟಿಯಾಗಿ ಕೂತವರು ಅದನ್ನೇ ತಮ್ಮ ದಡ್ಡತನ ಅಂದುಕೊಳ್ಳುವ ಅಪಾಯವಿತ್ತು.

ಟ್ರೀಸ್‌ಮನ್ ಶುರುಮಾಡಿದ ಕಾರ್ಯಾಗಾರದಲ್ಲಿ ‘ಹಿಂದುಳಿದವರಿಗೆ ವಿಶೇಷ ತರಗತಿ’ ಎಂಬ ಕರುಣೆಯ ಬೋರ್ಡು ಇರಲಿಲ್ಲ. ಸಣ್ಣ ಗುಂಪು, ಮಾಮೂಲಿಗಿಂತ ಗಟ್ಟಿ ಲೆಕ್ಕಗಳ ಹಾಳೆ, ನಡುವೆ ಜೋರು ವಾದ, ಇಷ್ಟೇ. ಸೇರಿದವರ ಅಂಕ ಏರಿತು. ಮಾದರಿ ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು.

ಹೀಗೆ ಜೊತೆಗೂಡಿ ಕೂತು ಓದಲು ಸಾಮಗ್ರಿಗಂತೂ ಈಗ ಬರವಿಲ್ಲ. ಸಿಲ್ವೇನಸ್ ಥಾಮ್ಸನ್ 1910ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದ ‘ಕ್ಯಾಲ್ಕುಲಸ್ ಮೇಡ್ ಈಸಿ’ ಪುಕ್ಕಟೆ ಸಿಗುತ್ತದೆ. ಶತಮಾನ ದಾಟಿದರೂ ಅದರ ತಮಾಷೆ ಹಳಸಿಲ್ಲ. ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಪಠ್ಯವನ್ನು ಎಂಐಟಿ ಇಡಿಯಾಗಿ ಬಿಟ್ಟುಕೊಟ್ಟಿದೆ, ಐಐಟಿ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿವೆ. ಬಿಡಿಸಿದ ಲೆಕ್ಕಗಳೇ ಬೇಕೆಂದರೆ ಟೆಕ್ಸಾಸ್‌ನ ಪಾಲ್ ಡಾಕಿನ್ಸ್ ಅವರ ಟಿಪ್ಪಣಿಗಳಿವೆ.

ಹತ್ತಿರ ಯಾರೂ ಇಲ್ಲದ ರಾತ್ರಿಗೆ ಜಿಯೊಜೀಬ್ರಾ ಎಂಬ ಆ್ಯಪ್ ಇದೆ. ಮೊಬೈಲ್‌ನಲ್ಲೇ ಎಕ್ಸ್ ಸ್ಕ್ವೇರ್‌ನ ಸೈನ್ ಗ್ರಾಫ್ ಎಳೆದು ನೋಡಬಹುದು. ಮೂಲಬಿಂದುವಿನಲ್ಲಿ ಅದು ಬಟ್ಟಲಿನ ತಳದಂತೆ ಮಟ್ಟಸ. ಅಲ್ಲಿ ಇಳಿಜಾರು ಸೊನ್ನೆ. ಎರಡು ಎಕ್ಸ್ ಬಿಟ್ಟವರ ಉತ್ತರ ಮಾತ್ರ ಅಲ್ಲಿ ಒಂದು ಎನ್ನುತ್ತಿರುತ್ತದೆ.