ಡಂಗರಿ ಕೊಳ್ಳುವ ಮುಂಚೆ ಕೂತು ನೋಡಿ

ಪ್ರಶ್ನೆ: ಡಂಗರಿ ಎಂಬ ಹೆಸರು ಎಲ್ಲಿಯದು? ಕುಳ್ಳಗಿರುವ ನನಗೆ ಅದು ಒಪ್ಪುತ್ತದೆಯೇ?

ಉತ್ತರ: ಹೆಸರು ನಮ್ಮ ಪಕ್ಕದ ಮುಂಬಯಿಯದು. ಅಲ್ಲಿನ ಡೋಂಗ್ರಿಯ ಒರಟು ಹತ್ತಿಬಟ್ಟೆ ಇಂಗ್ಲಿಷರ ಬಾಯಲ್ಲಿ ‘ಡಂಗರಿ’ಯಾಯಿತು, ಮುಂದೆ ಆ ಬಟ್ಟೆಯಲ್ಲಿ ಹೊಲಿದ ದುಡಿಮೆಯ ಉಡುಪಿಗೂ ಅದೇ ಹೆಸರು ಅಂಟಿಕೊಂಡಿತು.

ನಿಮಗೆ ಖಂಡಿತ ಒಪ್ಪುತ್ತದೆ. ಆದರೆ ಸೊಂಟದ ಸುತ್ತಳತೆಯೊಂದನ್ನೇ ನಂಬಬೇಡಿ, ಹೆಗಲಿನಿಂದ ತೊಡೆಸಂದಿಯವರೆಗಿನ ಉದ್ದವೇ ಇಲ್ಲಿ ಮುಖ್ಯ. ಅಂಗಡಿಯಲ್ಲೇ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು ಏಳಿ. ಬಕಲ್ ಪೂರ್ತಿ ಸಡಿಲಿಸಿದರೂ ಪಟ್ಟಿ ಹೆಗಲನ್ನು ಜಗ್ಗಿದರೆ ಒಂದು ಸೈಜ್ ದೊಡ್ಡದು ಬೇಕು. ಕಾಲಿನ ಅಂಚನ್ನು ಕಣಕಾಲು ಕಾಣುವಷ್ಟು ಮಡಿಚಿ; ಒಳಗೆ ಮೈಗೊಪ್ಪುವ ಟೀಶರ್ಟ್ ಸಾಕು. ಸೆಕೆಯ ಊರಾದರೆ ದಪ್ಪ ಡೆನಿಮ್‌ಗಿಂತ ತೆಳು ಹತ್ತಿಯದು ಹಿತ. ಶೌಚಕ್ಕೆ ಹೋದಾಗ ಪಟ್ಟಿಯಿಂದ ಹಿಡಿದು ಎಲ್ಲವನ್ನೂ ಇಳಿಸಬೇಕಾಗುತ್ತದೆ; ಪಕ್ಕದ ಗುಂಡಿಗಳು ಸಲೀಸಾಗಿ ಬಿಚ್ಚುವಂಥದ್ದನ್ನೇ ಆರಿಸಿಕೊಳ್ಳಿ.